ಲೈಸೆನ್ಸ್ ಅಣ್ಣ

ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಕನ್ನಡಿಗರೆಲ್ಲ ಅವರನ್ನು ಬೆನ್ನ ಹಿಂದೆ ‘ಲೈಸೆನ್ಸ್ ಅಣ್ಣ’ ಎನ್ನುತ್ತಿದ್ದರು. ಎದುರಿಗೆ ಬರೀ ಅಣ್ಣ. ಡ್ರೈವಿಂಗ್ ಲೈಸೆನ್ಸ್ ಕೊಡಿಸುವವರು ಎಂದುಕೊಂಡು ಫೋನ್ ಮಾಡಿದವರೂ ಇದ್ದರು. ಅಣ್ಣನಿಗೆ ಗೊತ್ತಿದ್ದದ್ದು ಟಿವಿ ಲೈಸೆನ್ಸಿನ ವಿಷಯ. ಈ ದೇಶದಲ್ಲಿ ಟಿವಿ ನೋಡಲು ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು ಎಂಬುದು ಹೊಸದಾಗಿ ಬಂದವರಿಗೆ ಮೊದಲು ತಮಾಷೆಯಾಗಿ ಕೇಳಿಸುತ್ತದೆ. ಆಮೇಲೆ ಕೆಂಪಕ್ಷರದ ಕಾಗದ ಬಾಗಿಲ ಸಂದಿಯಿಂದ ಒಳಗೆ ಬಿದ್ದ ದಿನ ತಮಾಷೆ ಮುಗಿಯುತ್ತದೆ. ಹಾಗೆ ಮುಗಿದ ದಿನವೇ ನನಗೂ ಅವರ ಪರಿಚಯವಾದದ್ದು.

ನಾವು ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ನನ್ನ ಗಂಡ ಲಫ್‌ಬರೋದಲ್ಲಿ ಇಂಜಿನಿಯರ್. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದರು. ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು, ಮತ್ತು ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಒಂದು ಟಿವಿ. ಕಾಗದದಲ್ಲಿ ನಮ್ಮ ಹೆಸರಿರಲಿಲ್ಲ, ‘ಈ ಮನೆಯಲ್ಲಿ ವಾಸಿಸುವವರಿಗೆ’ ಎಂದಷ್ಟೇ ಇತ್ತು. ಅಧಿಕಾರಿ ಬರಬಹುದು, ಕೋರ್ಟಿಗೆ ಹೋಗಬೇಕಾಗಬಹುದು ಎಂದು ಬರೆದಿತ್ತು. ನಾನು ಟಿವಿಯ ಮೇಲೆ ಒಂದು ಬೆಡ್‌ಶೀಟ್ ಹೊದಿಸಿ, ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಯಾರೋ ಅವರ ನಂಬರ್ ಕೊಟ್ಟರು. ಎರಡು ಬೀದಿ ಆಚೆಗೇ ಇದ್ದರು, ಅರ್ಧ ಗಂಟೆಯಲ್ಲಿ ಬಂದರು.

ಬೆಲ್ ಒತ್ತಲಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಮೆಟ್ಟಿಲಿಳಿದು ದೂರ ಹೋಗಿ ನಿಂತಿದ್ದರು. ನಲವತ್ತು ದಾಟಿದ ತೆಳ್ಳನೆಯ ಮನುಷ್ಯ, ಹಣೆಯಲ್ಲಿ ಸ್ವಲ್ಪವೇ ವಿಭೂತಿ, ಕೈಯಲ್ಲೊಂದು ಟಾರ್ಚು. ಒಳಗೆ ಬಂದವರು ಸೋಫಾ ಕಡೆ ನೋಡಲೇ ಇಲ್ಲ. ಬೆಡ್‌ಶೀಟ್ ತೆಗೆದು, ಮಂಡಿಯೂರಿ, ಟಿವಿಯ ಹಿಂಭಾಗಕ್ಕೆ ಟಾರ್ಚ್ ಬಿಟ್ಟರು. ಗೋಡೆಯಿಂದ ಬಂದ ಆಂಟೆನಾ ಕೇಬಲನ್ನು ಕಿತ್ತು, ಸುತ್ತಿ, ನನ್ನ ಕೈಗಿಟ್ಟರು.

“ಟಿವಿ ಇಟ್ಕೊಂಡಿರೋದಕ್ಕೆ ಲೈಸೆನ್ಸ್ ಬೇಡ,” ಎಂದರು. “ಯಾವ ಚಾನೆಲ್ ಆದ್ರೂ ಸರಿ, ಪ್ರಸಾರ ಆಗ್ತಿರೋ ಹೊತ್ತಿಗೇ ನೋಡಿದ್ರೆ ಬೇಕು. ಫೋನಲ್ಲಿ ನೋಡಿದ್ರೂ ಬೇಕು. ಮಗು ಏನು ನೋಡತ್ತೆ?”

“ಯೂಟ್ಯೂಬಲ್ಲಿ ಕಾರ್ಟೂನು.”

“ಹಂಗಾದ್ರೆ ಬೇಡ. ನಮಗೆ ಬೇಕಾಗಿಲ್ಲ ಅಂತ ಆನ್‌ಲೈನಲ್ಲಿ ತಿಳಿಸಿಬಿಡಿ. ಎಲ್ಲಿ, ಈಗ ನಾನು ಹೇಳಿದ್ದನ್ನ ನೀವು ಹೇಳಿ.”

ಅವರು ಬರ್ಮಿಂಗ್‌ಹ್ಯಾಮಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಷಿಯನ್ ಆಗಲು ಬರುವ ಹುಡುಗರಿಗೆ ಪಾಠ ಮಾಡುತ್ತಿದ್ದರು. ಹೇಳಿದ್ದನ್ನು ತಿರುಗಿ ಹೇಳಿಸುವುದು ಆ ಅಭ್ಯಾಸವಿರಬೇಕು. ನಾನು ತಪ್ಪಿಲ್ಲದೆ ಒಪ್ಪಿಸಿದೆ.

“ಹಗಲು ಹೊತ್ತು ಬಾಗಿಲು ತೆಗೆಯೋರು ಯಾರು?”

“ನಾನೇ.”

“ಯಾವಾಗ್ಲೂ ಹೆಣ್ಮಕ್ಕಳೇ ತೆಗೀತಾರೆ,” ಎಂದು ಟಾರ್ಚ್ ಆರಿಸಿದರು. “ಅಧಿಕಾರಿ ಬಂದ್ರೆ ಒಳಗೆ ಬಿಡಬೇಕು ಅಂತ ಇಲ್ಲ. ವಾರಂಟ್ ಇಲ್ದೆ ಅವರಿಗೆ ಆ ಹಕ್ಕಿಲ್ಲ. ಬಿಟ್ರಿ ಅಂತಾನೇ ಇಟ್ಕೊಳ್ಳಿ, ಓದದೇ ಸಹಿ ಹಾಕಬೇಡಿ. ಬಂದೋನು ಒಳ್ಳೆಯೋನು ಅನ್ನಿಸಿದ್ರೆ ಇನ್ನೂ ಹುಷಾರಾಗಿರಿ.”

ಅಷ್ಟರಲ್ಲಿ ನಾನು ಟೀ ಇಟ್ಟಿದ್ದೆ. ಕಪ್ಪು ನೋಡಿದವರೇ ಎದ್ದರು. “ಇಲ್ಲ ತಂಗಿ, ನಾನು ಹೊರಗೆ ಕುಡಿಯೋದಿಲ್ಲ,” ಎಂದು ಹೊರಟೇಹೋದರು. ನನಗೆ ಬೇಸರವಾಯಿತು. ಮಡಿವಂತರಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಯಾರ ಮನೆಯಲ್ಲೂ ಅವರು ಟೀ ಕುಡಿಯುತ್ತಿರಲಿಲ್ಲ. ಊಟ ಮಾಡುತ್ತಿದ್ದರು, ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು, ಹೋಟೆಲಿನಲ್ಲಿ ಲೋಟಗಟ್ಟಲೆ ಚಹಾ ಕುಡಿಯುತ್ತಿದ್ದರು. ಇನ್ನೊಬ್ಬರ ಮನೆಯ ಟೀ ಮಾತ್ರ ಮುಟ್ಟುತ್ತಿರಲಿಲ್ಲ.

ಹಾಗೆ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಅವರ ಹೆಂಡತಿ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಇಬ್ಬರೂ ಗದಗದ ಕಡೆಯವರು. ನಾನು ಅವರನ್ನು ಅತ್ತಿಗೆ ಎಂದಾಗ ಅಣ್ಣ ತಿದ್ದಿದರು. “ನಮ್ಮ ಕಡೆ ವೈನಿ ಅಂತಾರೆ. ಅತ್ತಿಗೆ ಅಂದ್ರೆ ಅವರು ತಿರುಗಿ ನೋಡೋದಿಲ್ಲ.” ನಮ್ಮೆಲ್ಲರ ಜೊತೆ ಅವರು ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು, ಪರಭಾಷೆಯ ಹಾಗೆ ಎಚ್ಚರದಿಂದ. ಗದಗದ ಮಾತು ಹೊರಡುತ್ತಿದ್ದದ್ದು ವೈನಿಯ ಜೊತೆ ಮಾತ್ರ.

ಯುಗಾದಿ, ದೀಪಾವಳಿಗೆ ಹಾಲ್ ಬಾಡಿಗೆಗೆ ತೆಗೆದುಕೊಂಡರೆ ಮೈಕು, ದೀಪ, ವೈರಿನ ಕೆಲಸ ಅವರದು. ಎಲ್ಲರೂ ಗುಂಪಾಗಿ ಫೋಟೋ ತೆಗೆಸಿಕೊಳ್ಳುವಾಗ ನೆಲಕ್ಕೆ ಟೇಪ್ ಅಂಟಿಸುತ್ತ ಎಲ್ಲೋ ಬಗ್ಗಿರುತ್ತಿದ್ದರು. ಜಗಳವಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ. ಬಳಗದ ಒಬ್ಬ ಹುಡುಗ ತನ್ನ ಆಫೀಸಿನ ಕ್ಲೀನರ್ ಹೆಂಗಸಿನಿಂದ ಯಾವುದೋ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡ ಕಥೆಯನ್ನು ನಗುತ್ತಾ ಹೇಳುತ್ತಿದ್ದ. “ಅವಳಿಗೆ ಅದರಲ್ಲೇನಿದೆ ಅಂತಾನೇ ಗೊತ್ತಿರಲಿಲ್ಲ,” ಎಂದ. ಅಣ್ಣ ತಟ್ಟೆ ಕೆಳಗಿಟ್ಟು, “ನಾಳೆ ಹೋಗಿ ಅದನ್ನ ಹರಿದು ಹಾಕು,” ಎಂದರು. ಹುಡುಗ ನಕ್ಕ. “ನಗಬೇಡ,” ಎಂದರು. ಅವತ್ತು ಊಟ ಮುಗಿಸಲಿಲ್ಲ.

ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಡಬ್ಬಿ ಟಿವಿ ಇತ್ತು. ಹಿಂದೆ ಗೂನು ಬೆನ್ನು, ಕೆಳಗೆ ವಿಡಿಯೋ ಕ್ಯಾಸೆಟ್ ತುರುಕುವ ಬಾಯಿ. ಅದು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಅಣ್ಣ ವರ್ಷಾ ವರ್ಷಾ ಟಿವಿ ಲೈಸೆನ್ಸಿಗೆ ಹಣ ಕಟ್ಟುತ್ತಿದ್ದರು. ಊರಿಗೆಲ್ಲ ಬೇಡ ಎಂದು ಹೇಳಿಕೊಡುವವರು ನೀವೇಕೆ ಕಟ್ಟುತ್ತೀರಿ ಎಂದು ಒಮ್ಮೆ ಕೇಳಿದೆ.

“ಇರಲಿ ಬಿಡಿ ತಂಗಿ,” ಎಂದು ಎದ್ದು ಹೋದರು.

“ಆ ಡಬ್ಬಿ ತಗದ್ ಒಗೀರಿ ಅಂತ ಇಪ್ಪತ್ತ್ ವರ್ಷದಿಂದ ಹೇಳಾಕತ್ತೀನಿ,” ಎಂದರು ವೈನಿ. “ಮನಿ ಬದ್ಲಿ ಮಾಡಿದಾಗೆಲ್ಲಾ ಕೂಸಿನ್ ಎತ್ಕೊಂಡಂಗ ಎತ್ಕೊಂಡ್ ಬರ್ತಾರ.”

ಹೋದ ಸೆಪ್ಟೆಂಬರಿನಲ್ಲಿ ಅವರ ಹೊಟ್ಟೆನೋವಿಗೆ ಕಾರಣ ತಿಳಿಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಹರಡಿತ್ತು. ವೈನಿ ನಮಗೆ ಹೇಳುವಾಗ ಡಾಕ್ಟರ್ ಹಾಗೆ ಹೇಳಿದರು, ಎಷ್ಟು ತಿಂಗಳೆಂಬುದನ್ನೂ ಸೇರಿಸಿ. ಅಕ್ಟೋಬರಿನ ಒಂದು ಗುರುವಾರ ಅಣ್ಣ ಫೋನ್ ಮಾಡಿದರು.

“ತಂಗಿ, ನಾಳೆ ನಿಮಗೆ ರಜಾ ಅಲ್ವಾ? ನನ್ನ ಲೀಡ್ಸಿಗೆ ಕರ್ಕೊಂಡು ಹೋಗ್ತೀರಾ? ನನಗೆ ಗಾಡಿ ಓಡಿಸೋಕೆ ಆಗೋದಿಲ್ಲ.”

“ವೈನಿ?”

“ಅವರಿಗೆ ಕ್ಲಿನಿಕ್ ಇದೆ. ಹೇಳೋದು ಬೇಡ.”

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮೋಟರ್‌ವೇ ಹತ್ತಿದ ಮೇಲೆ ಅವರು ಮಾತು ಶುರು ಮಾಡಿದರು. ನಾಲ್ಕು ವಾಕ್ಯ ಬೆಂಗಳೂರಿನ ಕನ್ನಡದಲ್ಲಿ ಬಂತು. ಆಮೇಲೆ ಅದು ಬಿಟ್ಟುಹೋಯಿತು, ಅವರಿಗೆ ಗೊತ್ತಾಗಲಿಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು. ವೈನಿ ಆಗ ಲೀಡ್ಸಿನಲ್ಲಿ ಜೂನಿಯರ್ ಡಾಕ್ಟರು. ಅಣ್ಣ ಹೆಂಡತಿಯ ವೀಸಾದ ಮೇಲೆ ಬಂದಿದ್ದರು. ಅವರ ಇಂಜಿನಿಯರಿಂಗ್ ಡಿಗ್ರಿಯನ್ನು ಅಲ್ಲಿ ಯಾರೂ ತೆರೆದು ಕೂಡ ನೋಡಲಿಲ್ಲ. ಗೋಡೌನಿನಲ್ಲಿ, ಕಾರ್ ತೊಳೆಯುವಲ್ಲಿ ಕೆಲಸಕ್ಕೆ ಸೇರಿ ಎರಡನ್ನೂ ಬಿಟ್ಟರು. ಕೊನೆಗೆ ಸಿಕ್ಕಿದ್ದು ಟಿವಿ ಲೈಸೆನ್ಸ್ ಇಲ್ಲದ ಮನೆಗಳಿಗೆ ಹೋಗಿ ವಿಚಾರಿಸುವ ಕೆಲಸ. ಕೈಯಲ್ಲಿ ವಿಳಾಸದ ಪಟ್ಟಿ, ಹೆಗಲಿಗೆ ಫಾರಂ ತುಂಬಿದ ಚೀಲ. ಬಾಗಿಲು ತಟ್ಟಬೇಕು, ಕೇಳಬೇಕು, ಟಿವಿ ಓಡುತ್ತಿದ್ದರೆ ಬರೆದುಕೊಂಡು ಸಹಿ ಹಾಕಿಸಬೇಕು. ಆ ಫಾರಂ ಮೇಲೆ ಮುಂದೆ ಕೋರ್ಟಿನ ಕೇಸಾಗುತ್ತಿತ್ತು.

“ನನ್ ಮಾರಿ ನೋಡಿ ಯಾರೂ ಬಾಗಲಾ ತಗೀತಿದ್ದಿಲ್ರಿ,” ಎಂದರು. “ತಗದವರು ಬೈದು ಹಾಕ್ಕೋತಿದ್ರು. ಅವತ್ತಿಗೆ ಮೂರ್ ದಿನ ಆಗಿತ್ತು, ಒಂದ್ ಫಾರಂ ತುಂಬಿದ್ದಿಲ್ಲ. ಆಗ ಈ ಮುದುಕಿ ತಗದ್ಲು. ಒಳಗ ಬಾ ಲವ್, ಹೊರಗ ಥಂಡಿ ಐತಿ ಅಂದ್ಲು. ಆ ಕಡೆ ಮುದುಕ್ಯಾರು ಎಲ್ಲಾರಿಗೂ ಲವ್ ಅಂತಾರ. ನಂಗ ಗೊತ್ತಿದ್ದಿಲ್ಲ. ಈ ದೇಶಕ್ಕ ಬಂದ ಮ್ಯಾಲೆ ನನ್ನ ಯಾರೂ ಹಂಗ ಒಳಗ ಕರದಿದ್ದಿಲ್ಲ.”

ಅರವತ್ತೆಂಟರ ಹೆಂಗಸು, ಒಬ್ಬಳೇ. ಮುಂದಿನ ಕೋಣೆಯಲ್ಲಿ ಟಿವಿ ಓಡುತ್ತಿತ್ತು. ಸಮುದ್ರ, ಗಾಳಿ, ಕೈ ಬೀಸುತ್ತಿರುವ ಒಬ್ಬ ಗಂಡಸು. ಯಾವುದೋ ಸಿನಿಮಾ ಎಂದುಕೊಂಡರು. ಅವಳು ಟೀ ತಂದಳು, ಬಿಸ್ಕತ್ತು ತಂದಳು. ಅಣ್ಣ ಮುದ್ರಿತ ಪ್ರಶ್ನೆಗಳನ್ನು ಓದಿದರು. ಈ ಟಿವಿ ನಿಮ್ಮದೇ? ನನ್ನದೇ. ದಿನಾ ನೋಡುತ್ತೀರಾ? ದಿನಾ, ಬೆಳಿಗ್ಗೆಯಿಂದ ಸಂಜೆವರೆಗೂ. ಲೈಸೆನ್ಸ್ ಇದೆಯೇ? ಇಲ್ಲ, ನಮ್ಮವರು ತೀರಿಕೊಂಡ ಮೇಲೆ ಇಲ್ಲ. ತೋರಿಸಿದ ಕಡೆ ಸಹಿ ಹಾಕಿದಳು. ಕನ್ನಡಕ ಹುಡುಕುವ ಗೋಜಿಗೂ ಹೋಗಲಿಲ್ಲ.

“ಸಹಿ ಆತು. ನಾ ಚಾ ಕುಡಿಯಾಕತ್ತಿದ್ದೆ. ಟಿವಿಯಾಗಿನ ಚಿತ್ರ ನಿಂತು ಬರೇ ನೀಲಿ ಬಂತು. ಆಕಿ ಎದ್ದು ಒಂದ್ ಗುಂಡಿ ಒತ್ತಿದ್ಲು. ಕ್ಯಾಸೆಟ್ ಹಿಂದಕ್ಕ ಸುತ್ತಿ ಮತ್ತ ಶುರು ಆತು. ಅದ ಸಮುದ್ರ, ಅದ ಮನಷ್ಯಾ. ನಮ್ಮವರು, ಸ್ಕಾರ್ಬರೋದಾಗ, ತೀರ್ಕೊಂಡ ವರ್ಷ ತಗದಿದ್ದು ಅಂದ್ಲು. ನಾ ಟಿವಿ ಹಿಂದ ಬಗ್ಗಿ ನೋಡಿದೆ ತಂಗಿ. ಆಂಟೆನಾದ ಕೇಬಲ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ಲು. ಅದರ ಮ್ಯಾಲೆ ಧೂಳ ಕೂತಿತ್ತು. ಗಾಳಿಗೆ ಆಂಟೆನಾ ಬಿದ್ದು ಎರಡ್ ವರ್ಷ ಆತು, ನಂಗ ಬ್ಯಾರೆ ಏನ್ ನೋಡೂದೈತಿ ಅಂದ್ಲು.”

ನಾನು ಸ್ಟೀರಿಂಗ್ ಹಿಡಿದುಕೊಂಡೇ ಇದ್ದೆ. ಕೇಳಬೇಕಾಗಲಿಲ್ಲ. ಕ್ಯಾಸೆಟ್ ನೋಡಲು ಲೈಸೆನ್ಸ್ ಬೇಡ.

“ಫಾರಂ ನನ್ ತೊಡಿ ಮ್ಯಾಲಿತ್ತು. ಹರದು ಹಾಕಿದ್ರ ಆಗ್ತಿತ್ತು. ತಪ್ಪಾಗೇತಿ ಅಂತ ಮ್ಯಾಲೆ ಒಂದ್ ಗೆರಿ ಬರದಿದ್ರ ಆಗ್ತಿತ್ತು. ಚಾ ಮುಗಿಸಿದೆ. ಫಾರಂ ಚೀಲದಾಗ ಇಟ್ಟೆ. ಥ್ಯಾಂಕ್ಸ್ ಅಂದೆ.”

ಕೆಲವು ತಿಂಗಳು ಕಳೆದ ಮೇಲೆ ತಡೆಯಲಾರದೆ ಮತ್ತೆ ಅಲ್ಲಿಗೆ ಹೋದರು. ಅವಳು ಗುರುತು ಹಿಡಿದು ಸಂತೋಷಪಟ್ಟಳು. ಈ ಹುಡುಗನಿಂದಲೇ ತನಗೆ ಹಾಗಾಯಿತು ಎಂಬುದು ಅವಳ ತಲೆಗೆ ಹೋಗಿರಲೇ ಇಲ್ಲ. ಮುಂದಿನ ಕೋಣೆಯಲ್ಲಿ ಟಿವಿ ಇರಲಿಲ್ಲ. ಕಾರ್ಪೆಟ್ಟಿನ ಮೇಲೆ ಸ್ಟ್ಯಾಂಡಿನ ನಾಲ್ಕು ಕಾಲಿನ ಗುಳಿ ಮಾತ್ರ ಇತ್ತು. ಕೋರ್ಟಿನಿಂದ ಕಾಗದ ಬಂತು, ತಪ್ಪು ಮಾಡಿದ್ದೇನೆ ಎಂದು ಒಪ್ಪಿಕೊಂಡು ಬರೆದೆ, ದಂಡ ಕಟ್ಟಿದೆ ಎಂದಳು. ಟಿವಿಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ಜನ್ಮದಲ್ಲಿ ಕೋರ್ಟಿನ ಹೆಸರು ಕೇಳಿದವಳಲ್ಲ, ಇನ್ನು ಆ ಪೆಟ್ಟಿಗೆಯ ಸಹವಾಸವೇ ಬೇಡ ಎಂದಳು. ಯಾರಿಗೂ ಹೇಳಿಲ್ಲ, ನನ್ನ ತಂಗಿಗೂ ಹೇಳಿಲ್ಲ ಎಂದಳು.

“ಕ್ಯಾಸೆಟ್ಟು ಗಡಿಯಾರದ ಬಾಜೂಕ ನಿಲ್ಲಿಸಿ ಇಟ್ಟಿದ್ಲು,” ಎಂದರು ಅಣ್ಣ. “ಅದನ್ನ ನೋಡೂದು ಹೆಂಗ ಅಂತ ಕೇಳಿದೆ. ಇರ್ಲಿ, ನಂಗ ಎಲ್ಲಾ ಬಾಯಿಪಾಠ ಆಗೇತಿ ಅಂದ್ಲು. ಮತ್ತ ಚಾ ಮಾಡಿದ್ಲು. ಅದನ್ನೂ ಕುಡದೆ ತಂಗಿ. ಹೇಳಾಕಂತನ ಹೋಗಿದ್ದೆ. ಚಾ ಕುಡದು ಬಂದೆ.”

ಮರುವಾರ ಕೆಲಸ ಬಿಟ್ಟರು. ಹಳೆಯ ಅಂಗಡಿಯೊಂದರಲ್ಲಿ ಕ್ಯಾಸೆಟ್ ಹಾಕುವ ಟಿವಿ ಹುಡುಕಿ ಕೊಂಡರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವಳ ಮನೆಗೆ ಹೋದರೆ ಬೀಗ. ಮೂರು ಸಲ ಹೋದರು, ಮೂರು ಸಲವೂ ಬೀಗ. ಎಲ್ಲಿಗೆ ಹೋದಳೆಂದು ಅಕ್ಕಪಕ್ಕದಲ್ಲಿ ಕೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ವೈನಿಗೆ ಬರ್ಮಿಂಗ್‌ಹ್ಯಾಮಿಗೆ ಬದಲಿಯಾಯಿತು.

ಲೀಡ್ಸಿನಲ್ಲಿ ಆ ಬೀದಿ ಸಿಗುವುದು ಕಷ್ಟವಾಗಲಿಲ್ಲ. ಪೋಸ್ಟ್‌ಕೋಡ್ ಅವರ ನಾಲಿಗೆಯ ಮೇಲಿತ್ತು. ಕೆಂಪು ಇಟ್ಟಿಗೆಯ ಅಂಟಿಕೊಂಡ ಮನೆಗಳು, ಬೀದಿಗೆ ಅಡ್ಡ ಕಟ್ಟಿದ ಹಗ್ಗದಲ್ಲಿ ಒಣಗುವ ಬಟ್ಟೆಗಳು. ಅಣ್ಣ ಬಾಗಿಲು ತಟ್ಟಿದರು. ಮಗು ಎತ್ತಿಕೊಂಡ ಹುಡುಗಿಯೊಬ್ಬಳು ಬಂದು, ತಾನು ಬಂದು ಎರಡು ವರ್ಷವಾಯಿತು, ಹಳಬರು ಬೇಕಾದರೆ ಪಕ್ಕದ ಮನೆಯವರನ್ನು ಕೇಳಿ ಎಂದಳು. ಅವಳೇ ಪಕ್ಕದ ಬಾಗಿಲು ಬಡಿದಳು. ವಾಕರ್ ಹಿಡಿದುಕೊಂಡು ಒಬ್ಬ ಮುದುಕ ಹೊರಬಂದ.

“ಇಪ್ಪತ್ತು ವರ್ಷದ ಹಿಂದೆ ಈ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರಲ್ಲ,” ಎಂದು ಅಣ್ಣ ಇಂಗ್ಲಿಷಿನಲ್ಲಿ ಕೇಳಿದರು.

“ಓ, ಅವಳಾ? ಕಾಲು ಮುರಿದುಕೊಂಡು ತಂಗಿಯ ಮನೆಗೆ ಹೋದಳು. ಅಲ್ಲೇ ಹೋಗಿಬಿಟ್ಟಳು, ಹತ್ತು ವರ್ಷದ ಮೇಲಾಯಿತು. ನೀವು ಯಾರು?”

ಅಣ್ಣ ಗೇಟಿನ ಕಂಬ ಹಿಡಿದುಕೊಂಡರು. ಎರಡು ಗಂಟೆ ಹಾದಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು, ಕೇಳಬೇಕಾದವಳು ಇಲ್ಲದಿದ್ದರೂ ಹೊರಗೆ ಬಂತು. “ಅವರ ಮೇಲೆ ಕೋರ್ಟಿನಲ್ಲಿ ಕೇಸಾಯಿತಲ್ಲ, ಅದು ನನ್ನಿಂದ ಆದದ್ದು. ಕ್ಷಮೆ ಕೇಳೋಣ ಅಂತ ಬಂದೆ.”

ಮುದುಕನ ಹುಬ್ಬು ಮೇಲೇರಿತು. “ಕೇಸು? ಅವಳ ಮೇಲೆ?” ವಾಕರನ್ನು ಒಂದು ಹೆಜ್ಜೆ ಮುಂದೆ ತಂದ. “ನಲವತ್ತು ವರ್ಷ ಪಕ್ಕದಲ್ಲಿದ್ದೆ. ನನಗೆ ಒಂದು ಮಾತು ಹೇಳಲಿಲ್ಲ. ಏನು ಮಾಡಿದ್ದಳು?”

ಮಗು ಎತ್ತಿಕೊಂಡಿದ್ದ ಹುಡುಗಿಯೂ ಒಳಗೆ ಹೋಗದೆ ನಿಂತಳು. ಎದುರು ಮನೆಯಲ್ಲಿ ಬಟ್ಟೆ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು. ಅಣ್ಣ ಅವರನ್ನೆಲ್ಲ ಒಮ್ಮೆ ನೋಡಿದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೆ ಸಾಯುವ ದಿನವೂ ಕಾಣಲಿಲ್ಲ. ಹೆದರಿಕೆ.

“ಇದು ಎಷ್ಟನೇ ನಂಬರ್?” ಎಂದು ಕೇಳಿದರು.

ಮುದುಕ ಹೇಳಿದ.

“ಹಾಗಾದರೆ ನನ್ನದೇ ತಪ್ಪು. ಹಿಂದಿನ ಬೀದಿ ಇರಬೇಕು. ನಾನು ಹೇಳಿದ್ದು ಬೇರೆಯವರು. ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ.”

“ಅದೇ ಅಂದುಕೊಂಡೆ,” ಎಂದ ಮುದುಕ, ಉಸಿರು ಬಿಟ್ಟು. “ಅವಳು ಅಂಥವಳಲ್ಲ.”

“ಅಲ್ಲ,” ಎಂದರು ಅಣ್ಣ.

ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳಲು ಅವರಿಗೆ ಆಗಲಿಲ್ಲ, ನಾನೇ ಹಾಕಿದೆ. ಅರ್ಧ ದಾರಿ ಕಳೆದ ಮೇಲೆ ಒಂದೇ ಮಾತಾಡಿದರು. “ಯಾರಿಗೂ ಹೇಳಿಲ್ಲ ಅಂತ ಆಕಿ ನಂಗ ಬಾಯಿಬಿಟ್ಟು ಹೇಳಿದ್ಲು. ಅದನ್ನ ಮರತ ಬಿಟ್ಟಿದ್ದೆ ನೋಡ್ರಿ. ಬರೇ ನನ್ನ ಎದಿ ಹಗುರ ಮಾಡ್ಕೊಳ್ಳಾಕ ಬಂದೆ.”

ಸಂಕ್ರಾಂತಿಗೆ ಎರಡು ದಿನ ಇರುವಾಗ ಅವರು ತೀರಿಕೊಂಡರು. ಬಳಗದವರು ಹಾಲ್‌ನಲ್ಲಿ ಸೇರಿದಾಗ ಪ್ರತಿಯೊಬ್ಬರೂ ಲೈಸೆನ್ಸಿನ ಕಥೆಯನ್ನೇ ಹೇಳಿದರು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಮೈಕ್ ನನ್ನ ಹತ್ತಿರ ಬಂದಾಗ ಪಕ್ಕದವರಿಗೆ ದಾಟಿಸಿದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ವೈನಿ ಕರೆಸಿಕೊಂಡರು. ಅಣ್ಣನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಕೋಟಿನ ಜೇಬಿನಲ್ಲಿ ಸಿಕ್ಕಿದ ಪೆಟ್ರೋಲ್ ಬಂಕಿನ ರಸೀದಿ ಮುಂದಿಟ್ಟರು. ಲೀಡ್ಸಿನದು.

“ನೀವ ಕರ್ಕೊಂಡ್ ಹೋಗಿದ್ರಿ ಅಂತ ಗೊತ್ತೈತಿ. ನಿಮ್ಮ ಮಗಳು ಹೇಳಿದ್ಲು. ಯಾಕ ಹೋಗಿದ್ರಿ?”

ಹೇಳಿದೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮೂರು ತಿಂಗಳು ಒಬ್ಬಳೇ ಹೊತ್ತುಕೊಂಡಿದ್ದೆ, ಅವರು ಕೇಳಿದ ಕೂಡಲೇ ಎಲ್ಲವನ್ನೂ ಹೇಳಿಬಿಟ್ಟೆ. ವೈನಿ ಕೈಯಲ್ಲಿದ್ದ ಅಂಗಿಯನ್ನು ಮಡಚುವುದು ಬಿಡಲಿಲ್ಲ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ನಾನು ಮುಗಿಸಿದ ಮೇಲೆ ಹೇಳಿದರು.

“ಅದಕ್ಕೂ ಮೊದ್ಲ ಎರಡ್ ಕೆಲಸ ಬಿಟ್ಟ ಬಂದಿದ್ರು. ನನ್ನ ಜೋಡಿ ಡ್ಯೂಟಿ ಮಾಡೋರು ನಿಮ್ಮವರು ಏನ್ ಮಾಡ್ತಾರ ಅಂತ ಕೇಳಿದ್ರ ನಂಗ ನಾಚಿಕಿ. ಒಂದಿನ ಮುಂಜಾನಿ, ಡ್ಯೂಟಿಗೆ ಹೊಂಟಾಗ ಅಂದ್ ಬಿಟ್ಟೆ. ಇದನ್ನೂ ಕಳ್ಕೊಂಡ್ ಬಂದ್ರ ಬಾಗಲಾ ತಗಿಯಂಗಿಲ್ಲ, ಸೀದಾ ಗದಗಕ್ಕ ಹೋಗ್ರಿ ಅಂತ. ಅವರು ಚೀಲ ತಗೊಂಡ್ ಹೋದ್ರು.” ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದರು. “ಆ ಮುದುಕಿ ಮನಿಗೆ ಹೋಗಿದ್ದು ಅವತ್ತ ಏನು? ನಿಮಗ ಏನರ ಹೇಳಿದ್ರೇನು?”

ಹೇಳಿದ್ದರು. ಅವತ್ತು ಬೆಳಿಗ್ಗೆ ವೈನಿ ಆಡಿದ ಮಾತನ್ನು, ಅದೇ ಗದಗದ ಮಾತಿನಲ್ಲಿ, ಒಂದಕ್ಷರ ಬಿಡದೆ ಹೇಳಿದ್ದರು.

“ಇಲ್ಲ ವೈನಿ,” ಎಂದೆ. “ಯಾವತ್ತು ಅಂತ ಹೇಳಲಿಲ್ಲ.”